ಗುಂಡು ಮೇಜಿನಾಚೆ ಬೀಳುತ್ತದೆ

(ಮಾಡೆಲ್ ಕಟ್ಟುವವರ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಪ್ಲಾಸ್ಟಿಕ್ ಮಾಡೆಲ್ ಕಟ್ಟುವವರು. ನಾನೂ ಕಟ್ಟುತ್ತೇನೆ. ವಿಮಾನ ಜಾಸ್ತಿ, ಟ್ಯಾಂಕು ಆಗಾಗ, ಹಡಗು ಅಪರೂಪ. ಸ್ಪ್ರೂ ಅನ್ನುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಬಿಡಿಭಾಗ ಕತ್ತರಿಸುವುದು, ಅಂಚು ಉಜ್ಜುವುದು, ಬಣ್ಣ ಒಣಗಲು ಬಿಟ್ಟು ಮಾರನೇ ದಿನ ಬಂದು ನೋಡುವುದು, ಇದೆಲ್ಲ ನನಗೆ ತುಂಬ ಇಷ್ಟ. ಆದ್ದರಿಂದ ಈ ಮಾತನ್ನು ಹೊರಗಿನವರ ಬೈಗುಳ ಅಂದುಕೊಳ್ಳಬೇಡಿ. ಕಟ್ಟುವುದು ಬಿಡಿ ಅಂತ ಹೇಳಲು ನಾನು ಬಂದಿಲ್ಲ. ಆದರೆ ನಾವು ಕಟ್ಟುವ ವಸ್ತುಗಳಲ್ಲಿ ಬಹುಪಾಲು ಮನುಷ್ಯರನ್ನು ಕೊಲ್ಲಲೆಂದೇ ಮಾಡಿದವು. ನಮ್ಮನಮ್ಮೊಳಗೆ ಈ ವಿಷಯ ಮಾತಾಡುವುದು ಬಹಳ ಕಡಿಮೆ. ಇವತ್ತು ಮಾತಾಡೋಣ.

2020ರ ಜುಲೈನಲ್ಲಿ ಲೆಗೊ ಕಂಪನಿ ಒಂದು ಸೆಟ್ಟನ್ನು ಅಂಗಡಿಗೆ ಬಿಡುವ ಮೊದಲೇ ಕೈಬಿಟ್ಟಿತು. ವಿ-22 ಆಸ್ಪ್ರೆ ವಿಮಾನದ ಸೆಟ್ ಅದು. ಹೆಲಿಕಾಪ್ಟರಿನಂತೆ ನೆಟ್ಟಗೆ ಮೇಲೇರಿ, ಆಮೇಲೆ ರೆಕ್ಕೆಯ ತುದಿಯ ರೋಟರುಗಳನ್ನು ಮುಂದಕ್ಕೆ ಬಾಗಿಸಿ ವಿಮಾನದಂತೆ ಹಾರುವ ಯಂತ್ರ. ಜನರನ್ನು ಕಾಪಾಡುವ ವಿಮಾನ ಅನ್ನುವ ರೂಪದಲ್ಲಿ ಲೆಗೊ ಅದನ್ನು ತರಲು ಹೊರಟಿತ್ತು. ಜರ್ಮನಿಯ ಒಂದು ಶಾಂತಿ ಸಂಘಟನೆ ಆಕ್ಷೇಪ ಎತ್ತಿತು. ಆಸ್ಪ್ರೆಯನ್ನು ಬಳಸುವುದು ಸೇನೆ ಮಾತ್ರ, ನಿಜವಾದ ಸೇನಾ ವಾಹನಗಳ ಸೆಟ್ ಮಾಡುವುದಿಲ್ಲ ಅನ್ನುವುದು ನಿಮ್ಮದೇ ನಿಯಮ, ಮತ್ತೆ ಇದೇನು ಅಂತ ಕೇಳಿತು. ಲೆಗೊ ಒಪ್ಪಿಕೊಂಡು ಸೆಟ್ಟನ್ನು ನಿಲ್ಲಿಸಿತು.

ಅದೇ ಆಸ್ಪ್ರೆಯ ಕಿಟ್ಟನ್ನು, ಅಂದರೆ ಜೋಡಿಸಿ ಕಟ್ಟುವ ಬಿಡಿಭಾಗಗಳ ಡಬ್ಬಿಯನ್ನು, ಇಟಲೆರಿ ಅನ್ನುವ ಮಾಡೆಲ್ ಕಂಪನಿ ಬಹಳ ಕಾಲದಿಂದ ಮಾರುತ್ತಿದೆ. ಅದರ ಬಗ್ಗೆ ಇಂಥ ಗದ್ದಲ ಎದ್ದದ್ದನ್ನು ನಾನು ಕೇಳಿಲ್ಲ. ನಮ್ಮ ಹವ್ಯಾಸದಲ್ಲಿ ಅಂಥ ನಿಯಮವೇ ಇಲ್ಲ. ಇರಬೇಕು ಅಂತಲೂ ನಾನು ಹೇಳುತ್ತಿಲ್ಲ. ಲೆಗೊ ಮಕ್ಕಳ ಆಟಿಕೆ ಕಂಪನಿ. ಅದು ಕೋಟೆ ಕಾಯುವ ಕತ್ತಿವೀರರನ್ನು ಮಾರುತ್ತದೆ, ಕಡಲುಗಳ್ಳರ ತುಪಾಕಿ ಮಾರುತ್ತದೆ, ಇವತ್ತಿನ ಯುದ್ಧವನ್ನು ಮಾತ್ರ ಹೊರಗಿಡುತ್ತದೆ. ಕಣ್ಣಿಗೆ ಬೀಳದಂತೆ ಇಡುವುದು ಒಂದು ದಾರಿ. ದೊಡ್ಡವರಾದ ನಮಗೆ ಆ ದಾರಿ ಸಾಲದು. ನಾವು ಆಯುಧವನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು ನೋಡುವ ಜನ. ಭೂತಗನ್ನಡಿ ಹಾಕಿಕೊಂಡು ನೋಡುತ್ತೇವೆ.

"ಇದು ಬರೀ ಪ್ಲಾಸ್ಟಿಕ್ಕು, ಇದರಲ್ಲಿ ಸರಿ ತಪ್ಪು ಎಲ್ಲಿಂದ ಬಂತು" ಅಂತ ಕೆಲವರು ಕೇಳುತ್ತಾರೆ. ಈ ಹವ್ಯಾಸದ ಹಳೆಯ ಕಥೆ ಗೊತ್ತಿದ್ದರೆ ಈ ಮಾತಿಗೆ ಬಲ ಇಲ್ಲ ಅಂತ ತಿಳಿಯುತ್ತದೆ. 1942ರಲ್ಲಿ ಅಮೆರಿಕದ ನೌಕಾಪಡೆ ಅಲ್ಲಿನ ಹೈಸ್ಕೂಲು ಮಕ್ಕಳಿಗೆ 5 ಲಕ್ಷ ವಿಮಾನ ಮಾಡೆಲ್ ಮಾಡಿಕೊಡಿ ಅಂತ ಕರೆ ಕೊಟ್ಟಿತು. 50 ಬಗೆಯ ವಿಮಾನ, ಒಂದೊಂದರಲ್ಲೂ 10 ಸಾವಿರ. ಮಕ್ಕಳು ಮರದಲ್ಲಿ ಕೆತ್ತಿ ಕಪ್ಪು ಬಣ್ಣ ಬಳಿದು ಕೊಟ್ಟರು. ಅಳತೆ 1/72, ಅಂದರೆ ನಿಜವಾದದ್ದರ 72ರಲ್ಲಿ ಒಂದು ಪಾಲು. ಈ ಅಳತೆಯಲ್ಲಿ 10 ಮೀಟರ್ ದೂರದ ಮಾಡೆಲ್, 720 ಮೀಟರ್ ದೂರದಲ್ಲಿ ಹಾರುವ ನಿಜವಾದ ವಿಮಾನದಷ್ಟೇ ಕಾಣುತ್ತದೆ. ಗನ್ನರುಗಳು ಆ ಮಾಡೆಲ್‌ಗಳನ್ನು ನೋಡಿ ನೋಡಿ ಯಾವುದು ತಮ್ಮದು, ಯಾವುದು ಶತ್ರುವಿನದು ಅಂತ ಕ್ಷಣದಲ್ಲಿ ಗುರುತಿಸಲು ಕಲಿತರು. ಯಾವುದಕ್ಕೆ ಗುಂಡು ಹೊಡೆಯಬೇಕು ಅನ್ನುವುದನ್ನು ಕಲಿತರು ಅಂತಲೂ ಹೇಳಬಹುದು. ಇವತ್ತು ನಮ್ಮ ಕಪಾಟಿನಲ್ಲಿ ಅತಿ ಹೆಚ್ಚು ಇರುವ ಅಳತೆ ಅದೇ 1/72.

ಸೇನೆಯವರೂ ಕಿಟ್ಟನ್ನು ಬರೀ ಪ್ಲಾಸ್ಟಿಕ್ಕು ಅಂತ ನೋಡಿದವರಲ್ಲ. 1961ರಲ್ಲಿ ರೆವೆಲ್ ಕಂಪನಿ ಪೊಲಾರಿಸ್ ಕ್ಷಿಪಣಿ ಹೊತ್ತ ಜಲಾಂತರ್ಗಾಮಿಯ ಕಿಟ್ ತಂದಾಗ, ಅಮೆರಿಕದ ಅಣುಶಕ್ತಿ ಜಲಾಂತರ್ಗಾಮಿಗಳ ಜನಕ ಅನ್ನಿಸಿಕೊಂಡ ಅಡ್ಮಿರಲ್ ರಿಕೋವರ್ ಸಿಟ್ಟಾದರು. ಒಳಗಿನ ವಿನ್ಯಾಸದ ಗುಟ್ಟೆಲ್ಲ ಸೋವಿಯತ್ತಿನವರಿಗೆ ಆಟಿಕೆ ಅಂಗಡಿಯಲ್ಲೇ ಸಿಕ್ಕಿಬಿಡುತ್ತದೆ ಅನ್ನುವುದು ಅವರ ದೂರು. 1986ರಲ್ಲಿ ಟೆಸ್ಟರ್ಸ್ ಕಂಪನಿ ಎಫ್-19 ಅನ್ನುವ, ರೇಡಾರಿಗೆ ಸುಲಭಕ್ಕೆ ಸಿಗದ ಸ್ಟೆಲ್ತ್ ವಿಮಾನದ ಕಿಟ್ ಮಾರಿತು. ಊಹೆಯಿಂದಲೇ ಮಾಡಿದ್ದು. ಆಗ ಅಂಥ ವಿಮಾನ ಇದೆ ಅಂತ ಸರ್ಕಾರ ಒಪ್ಪಿಕೊಂಡೇ ಇರಲಿಲ್ಲ. ಆ ಕಿಟ್ಟಿನ ಮಾತು ಅಮೆರಿಕದ ಕಾಂಗ್ರೆಸ್ಸಿನವರೆಗೂ ಹೋಯಿತು. 1988ರ ನವೆಂಬರಿನಲ್ಲಿ ನಿಜವಾದ ಸ್ಟೆಲ್ತ್ ವಿಮಾನ ಎಫ್-117ರ ಚಿತ್ರ ಹೊರಬಂದಾಗ ನೋಡಿದರೆ ಎರಡಕ್ಕೂ ಹೋಲಿಕೆಯೇ ಇಲ್ಲ. ಕಿಟ್ಟಿನಲ್ಲಿದ್ದದ್ದು ನುಣುಪಾದ ಬಳುಕು ಮೈ, ನಿಜವಾದದ್ದು ಚಪ್ಪಟೆ ಹಲಗೆಗಳನ್ನು ಕೋನಕೋನವಾಗಿ ಜೋಡಿಸಿದ ಮೈ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದು ಬಂದ ವಿಷಯಕ್ಕೆ ಬರುತ್ತೇನೆ. ಅದು ಅಳತೆಯ ವಿಷಯ.

ಹಿರೋಶಿಮಾದ ಮೇಲೆ ಬಾಂಬು ಹಾಕಿದ ಎನೋಲಾ ಗೇ ವಿಮಾನದ ಕಿಟ್ ಸಿಗುತ್ತದೆ. ಬಿ-29 ಅನ್ನುವ ಬಗೆಯ ಬಾಂಬರ್ ಅದು. 1/72 ಅಳತೆಯಲ್ಲಿ ಅದರ ರೆಕ್ಕೆಯ ಹರವು ಸುಮಾರು 60 ಸೆಂಟಿಮೀಟರ್. ದೊಡ್ಡ ಮಾಡೆಲ್. ಮೇಜು ತುಂಬ ಬರುತ್ತದೆ. ಅದು ಹಾಕಿದ 'ಲಿಟಲ್ ಬಾಯ್' ಅಣುಬಾಂಬು ನಿಜದಲ್ಲಿ 3 ಮೀಟರ್ ಉದ್ದ, ಈ ಅಳತೆಯಲ್ಲಿ 4 ಸೆಂಟಿಮೀಟರ್. ಎರಡು ಬೆರಳಿನ ನಡುವೆ ಹಿಡಿಯಬಹುದು.

ಈಗ ಇದೇ ಅಳತೆಯಲ್ಲಿ ಉಳಿದದ್ದನ್ನೂ ಲೆಕ್ಕ ಹಾಕೋಣ. ಬಾಂಬು ಬಿಟ್ಟಾಗ ವಿಮಾನ ಸುಮಾರು 9,400 ಮೀಟರ್ ಎತ್ತರದಲ್ಲಿತ್ತು. 72ರಿಂದ ಭಾಗಿಸಿ. 130 ಮೀಟರ್ ಆಯಿತು. ಅಂದರೆ ನಿಮ್ಮ ಮಾಡೆಲ್ ಸರಿಯಾದ ಎತ್ತರದಲ್ಲಿ ನಿಲ್ಲಬೇಕಾದರೆ ನಲವತ್ತು ಮಹಡಿ ಕಟ್ಟಡದ ತುದಿಗೆ ಕಟ್ಟಬೇಕು. ಬಾಂಬು ಸಿಡಿದದ್ದು ನೆಲದಿಂದ ಸುಮಾರು 600 ಮೀಟರ್ ಮೇಲೆ, ನಮ್ಮ ಲೆಕ್ಕದಲ್ಲಿ 8 ಮೀಟರ್. ಪೂರ್ತಿ ನಾಶವಾದ ಜಾಗದ ತ್ರಿಜ್ಯ ಸುಮಾರು 1.6 ಕಿಲೋಮೀಟರ್, ನಮ್ಮ ಲೆಕ್ಕದಲ್ಲಿ 22 ಮೀಟರ್. ಈ ಸಭಾಂಗಣ ಪೂರ್ತಿ ಅದರೊಳಗೆ ಬಂತು. ಆ ವರ್ಷದ ಕೊನೆಯ ಹೊತ್ತಿಗೆ ಸತ್ತವರು ಸುಮಾರು 1 ಲಕ್ಷ 40 ಸಾವಿರ ಜನ. 1/72ರಲ್ಲಿ ಒಬ್ಬ ಮನುಷ್ಯ ಎರಡೂಕಾಲು ಸೆಂಟಿಮೀಟರ್ ಎತ್ತರದ ಬೊಂಬೆ. ಒಂದೊಂದು ಬೊಂಬೆಗೆ ಒಂದು ಚದರ ಸೆಂಟಿಮೀಟರ್ ಜಾಗ ಕೊಟ್ಟು ಒತ್ತೊತ್ತಾಗಿ ನಿಲ್ಲಿಸಿದರೂ 12 ಅಡಿಗೆ 12 ಅಡಿಯ ಕೋಣೆಯ ನೆಲ ಪೂರ್ತಿ ತುಂಬುತ್ತದೆ. ಕಾಲಿಡಲು ಜಾಗ ಇರುವುದಿಲ್ಲ.

ಡಬ್ಬಿಯಲ್ಲಿ ಬರುವುದು ವಿಮಾನ ಮಾತ್ರ. ಆ ಕೋಣೆ ಬರುವುದಿಲ್ಲ.

ಟ್ಯಾಂಕಿನದೂ ಇದೇ ಕಥೆ. ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕು ಟೈಗರ್, 1/35ರಲ್ಲಿ ಅಂಗೈಗಿಂತ ದೊಡ್ಡದು. ಅದರ 88 ಮಿಲಿಮೀಟರ್ ತೋಪು ಎರಡು ಕಿಲೋಮೀಟರ್ ದೂರದ ಟ್ಯಾಂಕನ್ನು ಹೊಡೆಯಬಲ್ಲದಾಗಿತ್ತು. 35ರಿಂದ ಭಾಗಿಸಿದರೆ 57 ಮೀಟರ್. ಡಯೊರಾಮಾದ, ಅಂದರೆ ಮಾಡೆಲ್ ಮತ್ತು ಬೊಂಬೆಗಳಿಂದ ಕಟ್ಟಿದ ದೃಶ್ಯದ, ಬೇಸ್ ಎಷ್ಟೇ ದೊಡ್ಡದಿರಲಿ, ಗುಂಡು ಅದರಾಚೆ, ಮೇಜಿನಾಚೆ, ಗೋಡೆಯಾಚೆ ಹೋಗಿ ಬೀಳುತ್ತದೆ. ಎಲ್ಲವನ್ನೂ ಸರಿಯಾದ ಅಳತೆಗೆ ತರುತ್ತೇವೆ ಅನ್ನುವುದು ನಮ್ಮ ಹೆಮ್ಮೆ. ಆದರೆ ಆಯುಧಕ್ಕೆ ಎರಡು ತುದಿ. ನಾವು ಅಳತೆಗೆ ತರುವುದು ಹೊಡೆಯುವವರು ನಿಂತಿರುವ ತುದಿಯನ್ನು ಮಾತ್ರ. ಅದು ಯಾರೋ ಬೇಕೆಂದು ಮಾಡಿದ ಮೋಸ ಅಲ್ಲ. ಅಳತೆಯ ಲೆಕ್ಕವೇ ಹಾಗಿದೆ. ಹಾಗಿರುವುದರಿಂದಲೇ ಇನ್ನೊಂದು ತುದಿಯನ್ನು ನಾವಾಗಿಯೇ ನೆನಪಿಟ್ಟು ತರಬೇಕಾಗುತ್ತದೆ. ತಾನಾಗಿ ಅದು ಬರುವುದಿಲ್ಲ.

ತರಲು ಹೋದರೆ ಎಷ್ಟು ಕಷ್ಟ ಅನ್ನುವುದಕ್ಕೂ ಎನೋಲಾ ಗೇಯೇ ಉದಾಹರಣೆ. 1995ಕ್ಕೆ ಯುದ್ಧ ಮುಗಿದು 50 ವರ್ಷ. ಅಮೆರಿಕದ ಸ್ಮಿತ್‌ಸೋನಿಯನ್ ವಿಮಾನ ಮ್ಯೂಸಿಯಂ ನಿಜವಾದ ವಿಮಾನದ ಜೊತೆಗೆ ಹಿರೋಶಿಮಾದಿಂದ ತಂದ ವಸ್ತುಗಳನ್ನೂ ಇಡಲು ಯೋಚಿಸಿತ್ತು. ಅದರಲ್ಲಿ ಶಾಲೆಯ ಹುಡುಗಿಯೊಬ್ಬಳ ಊಟದ ಡಬ್ಬಿಯೂ ಇತ್ತು, ಒಳಗಿನ ಅನ್ನ ಇದ್ದಿಲಾಗಿತ್ತು. ಮಾಜಿ ಸೈನಿಕರ ಸಂಘಗಳು ಬಲವಾಗಿ ವಿರೋಧಿಸಿದವು. ಆ ಯೋಜನೆಯನ್ನೇ ಕೈಬಿಟ್ಟು ಹೆಚ್ಚುಕಡಿಮೆ ವಿಮಾನವನ್ನಷ್ಟೇ ತೋರಿಸಿದರು. ಮ್ಯೂಸಿಯಂ ನಿರ್ದೇಶಕ ಮಾರ್ಟಿನ್ ಹಾರ್ವಿಟ್ ರಾಜೀನಾಮೆ ಕೊಟ್ಟರು. ಮಾಜಿ ಸೈನಿಕರ ನೋವೂ ಸುಳ್ಳಲ್ಲ. ಆ ಯುದ್ಧದಲ್ಲಿ ಅವರ ಗೆಳೆಯರು ಸತ್ತಿದ್ದರು. ಆದರೆ ವಿಮಾನ ಉಳಿಯಿತು, ಊಟದ ಡಬ್ಬಿ ಉಳಿಯಲಿಲ್ಲ. ನಿಜವಾದ ಮ್ಯೂಸಿಯಂನಲ್ಲೇ ಹೀಗಾದರೆ ನಮ್ಮ ಕಪಾಟಿನ ಗತಿ ಊಹಿಸಿಕೊಳ್ಳಿ.

ನಮ್ಮವರು ನಿಖರತೆಗೆ ಎಷ್ಟು ಬೆಲೆ ಕೊಡುತ್ತಾರೆ ನಿಮಗೆ ಗೊತ್ತೇ ಇದೆ. ಜರ್ಮನ್ ವಿಮಾನದ ಹೊಟ್ಟೆಯ ತಿಳಿನೀಲಿ ಬಣ್ಣ ಯಾವ ಛಾಯೆ ಅನ್ನುವುದಕ್ಕೆ ಗಂಟೆಗಟ್ಟಲೆ ವಾದ ನಡೆಯುತ್ತದೆ. ಚಕ್ರದ ಬೋಲ್ಟು ಎಷ್ಟು, ರಿವೆಟ್ಟಿನ ಸಾಲು ಎಲ್ಲಿ ಮುರಿಯಬೇಕು, ಆ ತಿಂಗಳು ಆ ಕಾರ್ಖಾನೆಯಿಂದ ಹೊರಬಂದ ಟ್ಯಾಂಕಿಗೆ ಆ ಮುಚ್ಚಳ ಇತ್ತೋ ಇಲ್ಲವೋ. ಇದು ನನಗೆ ಇಷ್ಟವಾಗುವ ಗುಣ. ಸತ್ಯದ ಮೇಲೆ ಪ್ರೀತಿ ಇರುವವರೇ ಹೀಗೆ ಜಗಳ ಆಡುತ್ತಾರೆ. ಅದೇ ಪ್ರೀತಿಯನ್ನು ಇನ್ನೂ ಸ್ವಲ್ಪ ಮುಂದಕ್ಕೆ ಒಯ್ಯಿರಿ ಅನ್ನುವುದಷ್ಟೇ ನನ್ನ ಬೇಡಿಕೆ.

ಒಂದು ಉದಾಹರಣೆ ಕೊಡುತ್ತೇನೆ. 'ದಾಸ್ ರೈಖ್' ಅನ್ನುವ ಹೆಸರನ್ನು ಕಿಟ್ಟಿನ ಡಬ್ಬಿಗಳ ಮೇಲೆ, ಮಾಡೆಲಿಗೆ ಅಂಟಿಸುವ ಗುರುತುಗಳ ಡೆಕಾಲ್ ಹಾಳೆಗಳ ಮೇಲೆ ನೀವು ನೋಡಿರುತ್ತೀರಿ. ನಾಜಿ ಪಕ್ಷದ ಸಶಸ್ತ್ರ ದಳವಾದ ಎಸ್‌ಎಸ್‌ನ ಒಂದು ಡಿವಿಜನ್. ಅದರ ಟೈಗರ್, ಅದರ ಪ್ಯಾಂಥರ್, ಅದರ ಸೈನಿಕರ ಬೊಂಬೆಗಳು, ಎಲ್ಲವೂ ಸಿಗುತ್ತವೆ. ಕೆಲವದರ ಮೇಲೆ 'ನಾರ್ಮಂಡಿ, 1944' ಅಂತ ಅಡಿಬರಹ. ಅದೇ 1944ರ ಜೂನ್ 10ರಂದು, ನಾರ್ಮಂಡಿಯ ಕಡೆಗೆ ಹೋಗುತ್ತಿದ್ದ ಆ ಡಿವಿಜನ್ನಿನ ಒಂದು ತುಕಡಿ ಫ್ರಾನ್ಸಿನ ಒರಾಡೂರ್-ಸುರ್-ಗ್ಲಾನ್ ಅನ್ನುವ ಹಳ್ಳಿಗೆ ನುಗ್ಗಿತು. ಗಂಡಸರನ್ನು ಕೊಟ್ಟಿಗೆ, ಗ್ಯಾರೇಜುಗಳಿಗೆ ತಳ್ಳಿ ಗುಂಡು ಹೊಡೆದರು. ಹೆಂಗಸರು ಮಕ್ಕಳನ್ನು ಚರ್ಚಿನೊಳಗೆ ಕೂಡಿ ಬೆಂಕಿ ಇಟ್ಟರು. 640ಕ್ಕೂ ಹೆಚ್ಚು ಜನ ಒಂದೇ ಮಧ್ಯಾಹ್ನ ಸತ್ತರು. ಆ ಹಳ್ಳಿಯನ್ನು ಫ್ರೆಂಚರು ಅದೇ ಜಾಗದಲ್ಲಿ ಮತ್ತೆ ಕಟ್ಟಲಿಲ್ಲ. ಸುಟ್ಟ ಗೋಡೆ, ತುಕ್ಕು ಹಿಡಿದ ಕಾರು, ಹೊಲಿಗೆ ಯಂತ್ರ ಎಲ್ಲವನ್ನೂ ಇದ್ದ ಹಾಗೇ ಉಳಿಸಿಕೊಂಡಿದ್ದಾರೆ.

ಆ ಡಬ್ಬಿಯಲ್ಲಿ ಬರುವ ಕೈಪಿಡಿಯಲ್ಲಿ ತೋಪಿನ ಉದ್ದ ಇರುತ್ತದೆ, ಎಂಜಿನ್ನಿನ ಶಕ್ತಿ ಇರುತ್ತದೆ, ಎಲ್ಲೆಲ್ಲಿ ಹೋರಾಡಿತು ಅನ್ನುವುದೂ ಇರುತ್ತದೆ. ಒರಾಡೂರಿನ ಹೆಸರನ್ನು ನಾನಂತೂ ಒಂದರಲ್ಲೂ ನೋಡಿಲ್ಲ. ಮುಚ್ಚಳದ ತಪ್ಪನ್ನು ಸಹಿಸದ ನಾವು ಈ ತಪ್ಪನ್ನು ಹೇಗೆ ಸಹಿಸುತ್ತೇವೆ?

ಸ್ವಸ್ತಿಕದ ಪ್ರಶ್ನೆಯೂ ಇಲ್ಲೇ ಬರುತ್ತದೆ. ಜರ್ಮನಿಯಲ್ಲಿ ದಂಡ ಸಂಹಿತೆಯ 86ಎ ಕಲಮಿನ ಪ್ರಕಾರ ನಾಜಿ ಗುರುತುಗಳನ್ನು ಸುಮ್ನೆ ಪ್ರದರ್ಶಿಸುವಂತಿಲ್ಲ. ಚರಿತ್ರೆ, ಕಲೆ, ಶಿಕ್ಷಣದಂಥ ಕೆಲಸಕ್ಕೆ ವಿನಾಯಿತಿ ಇದೆ. ಹಾಗಾಗಿ ಎಷ್ಟೋ ಕಂಪನಿಗಳು ಬಾಲದ ಮೇಲಿನ ಸ್ವಸ್ತಿಕವನ್ನು ಬಿಟ್ಟುಬಿಡುತ್ತವೆ, ಇಲ್ಲವೇ ಎರಡು ತುಂಡು ಮಾಡಿ ಡೆಕಾಲ್ ಕೊಡುತ್ತವೆ, ಬೇಕಾದವರು ಜೋಡಿಸಿಕೊಳ್ಳಲಿ ಅಂತ. ನಮ್ಮಲ್ಲಿ ಇದಕ್ಕೆ ಗೊಣಗುವವರು ಜಾಸ್ತಿ, "ಚರಿತ್ರೆ ಅಳಿಸುತ್ತಿದ್ದಾರೆ" ಅಂತ. ನಾನು ಒಂದು ಮಟ್ಟಿಗೆ ಒಪ್ಪುತ್ತೇನೆ. ಆ ವಿಮಾನದ ಮೇಲೆ ಆ ಗುರುತು ಇತ್ತು. ಅದನ್ನು ತೆಗೆದರೆ ವಿಮಾನ ಬರೀ ಚೆಂದದ ಯಂತ್ರವಾಗಿ ಉಳಿಯುತ್ತದೆ, ಯಾರ ಕೆಲಸಕ್ಕೆ ಹಾರಿತು ಅನ್ನುವುದು ಮರೆಯಾಗುತ್ತದೆ. ಆದರೆ ಚರಿತ್ರೆ ಅನ್ನುವ ವಾದವನ್ನು ಆ 5 ಮಿಲಿಮೀಟರ್ ಗುರುತಿಗೆ ಮಾತ್ರ ಬಳಸಿ, ಒರಾಡೂರಿನ ಮಾತು ಬಂದಾಗ "ರಾಜಕೀಯ ಬೇಡ" ಅನ್ನುವುದಿದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ.

2018ರಲ್ಲಿ ರೆವೆಲ್ 'ಹೌನೆಬು' ಅನ್ನುವ ನಾಜಿ ಹಾರುವ ತಟ್ಟೆಯ ಕಿಟ್ ತಂದಿತ್ತು. ಅಂಥದ್ದು ಯಾವತ್ತೂ ಇರಲೇ ಇಲ್ಲ. ಆದರೆ ಡಬ್ಬಿಯ ಮೇಲೆ ಅದು ಬಾಹ್ಯಾಕಾಶಕ್ಕೆ ಹಾರಬಲ್ಲ ಮೊದಲ ಯಂತ್ರವಾಗಿತ್ತು ಅನ್ನುವ ಧಾಟಿಯಲ್ಲಿ ಬರೆದಿತ್ತು. ಡ್ರೆಸ್ಡೆನ್ನಿನ ಸೇನಾ ಚರಿತ್ರೆ ಮ್ಯೂಸಿಯಂ, ಜರ್ಮನಿಯ ಮಕ್ಕಳ ರಕ್ಷಣಾ ಸಂಘ ಎರಡೂ ಎಚ್ಚರಿಸಿದ ಮೇಲೆ ಕಂಪನಿ ಕ್ಷಮೆ ಕೇಳಿ ಅದನ್ನು ಹಿಂತೆಗೆದುಕೊಂಡಿತು. ಸರಿಯಾಗಿಯೇ ಮಾಡಿತು. ನಾಜಿಗಳ ತಂತ್ರಜ್ಞಾನ ಅದ್ಭುತ ಅನ್ನುವ ಕಟ್ಟುಕಥೆಯಿಂದಲೇ ಬೇರೆ ಕೆಟ್ಟ ಕಟ್ಟುಕಥೆಗಳಿಗೆ ಬಾಗಿಲು ತೆರೆಯುತ್ತದೆ.

ನಿಜವಾಗಿ ಇದ್ದ ವಿ-2 ರಾಕೆಟ್ಟನ್ನೇ ನೋಡಿ. 1/35ರಲ್ಲಿ 40 ಸೆಂಟಿಮೀಟರ್ ಎತ್ತರ, ಕಪ್ಪುಬಿಳುಪು ಚೌಕಗಳ ಬಣ್ಣ, ಕಣ್ಣಿಗೆ ಹಬ್ಬ. ಅದನ್ನು ಮಾಡಿದ್ದು ಮಿಟ್ಟೆಲ್‌ಬೌ-ಡೋರಾ ಅನ್ನುವ ನಾಜಿ ಸೆರೆಶಿಬಿರದ ಕೈದಿಗಳು, ಬೆಟ್ಟದೊಳಗಿನ ಸುರಂಗಗಳಲ್ಲಿ. ಸುಮಾರು 60 ಸಾವಿರ ಜನ ಆ ಶಿಬಿರವನ್ನು ಹಾದುಹೋದರು, ಸುಮಾರು 20 ಸಾವಿರ ಜನ ಸತ್ತರು. ವಿ-2 ಬಿದ್ದು ಸತ್ತವರಿಗಿಂತ ಅಲ್ಲಿ ಸತ್ತವರೇ ಜಾಸ್ತಿ. ಈ ಆಯುಧದ ಮಟ್ಟಿಗೆ ಹೊಡೆಯುವ ತುದಿಯಲ್ಲೂ ಹೆಣಗಳಿವೆ.

ಇದನ್ನೆಲ್ಲ ದೂರದಿಂದ ಹೇಳಿದಂತೆ ಆಗುತ್ತಿದೆ. ಮೇಜಿಗೇ ಬರೋಣ.

ಲಂಡನ್ನಿನಲ್ಲಿರುವ ಬ್ರಿಟಿಷ್ ವಾಯುಪಡೆಯ (ಆರ್‌ಎಎಫ್) ಮ್ಯೂಸಿಯಂನಲ್ಲಿ ಆರ್5868 ಅನ್ನುವ ಲ್ಯಾಂಕಾಸ್ಟರ್ ಬಾಂಬರ್ ಇದೆ. 'ಎಸ್ ಫಾರ್ ಶುಗರ್' ಅಂತ ಕರೆಯುತ್ತಾರೆ. ಅದರ ಮೂತಿಯ ಪಕ್ಕ ಹಳದಿ ಬಣ್ಣದ ಪುಟ್ಟ ಪುಟ್ಟ ಬಾಂಬು ಗುರುತುಗಳ ಸಾಲು. ಒಂದು ದಾಳಿಗೆ ಒಂದು ಗುರುತು. ಒಟ್ಟು 137 ದಾಳಿಗೆ ಹೋಗಿಬಂದ ವಿಮಾನ. ಅದರ ಕಿಟ್ ಕಟ್ಟಿದವರಿಗೆ ಈ ಡೆಕಾಲ್ ಗೊತ್ತು. 1/72ರಲ್ಲಿ ಒಂದೊಂದು ಬಾಂಬು ಗುರುತು ಸಾಸಿವೆಯಷ್ಟು. ಒಂದೊಂದನ್ನೂ ಬೇರೆ ಬೇರೆ ಅಂಟಿಸಲು ಆಗುವುದಿಲ್ಲ, ಹಾಗಾಗಿ ಸಾಲುಗಳನ್ನು ಒಂದೇ ತೆಳು ಪೊರೆಯ ಮೇಲೆ ಅಚ್ಚು ಹಾಕಿರುತ್ತಾರೆ. ಕತ್ತರಿಸಿ ಬೆಚ್ಚಗಿನ ನೀರಿಗೆ ಹಾಕಬೇಕು. ಅರ್ಧ ನಿಮಿಷ ಬಿಟ್ಟು ಚಿಮುಟದಲ್ಲಿ ಎತ್ತಬೇಕು. ಮೈ ಒದ್ದೆ ಮಾಡಿ, ಮೂತಿಯ ಪಕ್ಕ ಹಿಡಿದು, ಕುಂಚದ ತುದಿಯಿಂದ ಮೆಲ್ಲಗೆ ಜಾರಿಸಬೇಕು. ಒಂದೇ ಜಾರಿಗೆ ಎಲ್ಲ ದಾಳಿಗಳೂ ಕೂರುತ್ತವೆ. ಆಮೇಲೆ ಸೆಟ್ಟಿಂಗ್ ದ್ರಾವಣ ಹಚ್ಚಿದರೆ ಪೊರೆ ಕಾಣದಂತೆ ಮಾಯವಾಗಿ, ಬಣ್ಣ ಹಚ್ಚಿದ ಹಾಗೇ ಕಾಣುತ್ತದೆ.

ನಾನು ಆ ಜಾಗದಲ್ಲಿ ನಿಲ್ಲುತ್ತೇನೆ. ಒಂದೊಂದು ಗುರುತೂ ಒಂದು ದಾಳಿ. ಒಂದೊಂದು ದಾಳಿಯಲ್ಲೂ ವಿಮಾನದೊಳಗೆ ಸಾಮಾನ್ಯವಾಗಿ ಏಳು ಜನ. ಬ್ರಿಟನ್ನಿನ ಬಾಂಬರ್ ಪಡೆಯಾದ ಬಾಂಬರ್ ಕಮಾಂಡಿನಲ್ಲಿ ಸತ್ತ ವಿಮಾನ ಸಿಬ್ಬಂದಿ 55,573. ಅವರಲ್ಲಿ ಇಪ್ಪತ್ತು ಇಪ್ಪತ್ತೆರಡರ ಹುಡುಗರು ಎಷ್ಟೋ ಮಂದಿ. ಕೆಳಗಿನ ಊರುಗಳಲ್ಲಿ ನೆಲಮಾಳಿಗೆಯಲ್ಲಿ ಅಡಗಿದ್ದವರ ಲೆಕ್ಕ ಇನ್ನೂ ದೊಡ್ಡದು. ಆ ಸಾಸಿವೆ ಗುರುತಿನಲ್ಲಿ ಎರಡೂ ತುದಿ ಸೇರಿವೆ. ಹಾರಿದವರನ್ನು ನೆನೆಯಲು ಕಟ್ಟುತ್ತೇನೆ ಅಂತ ಬಹಳ ಜನ ಹೇಳುತ್ತಾರೆ. ಒಳ್ಳೆಯ ಕಾರಣ. ನಾಜಿಗಳನ್ನು ಸೋಲಿಸಬೇಕಿತ್ತು, ಅದೂ ನಿಜ. ಬಾಂಬು ಬಿದ್ದವರನ್ನೂ ನೆನೆದರೆ ಹಾರಿದವರ ಗೌರವ ಏನೂ ಕಡಿಮೆ ಆಗುವುದಿಲ್ಲ.

ಇನ್ನು, ಆಯುಧದ ಮಾಡೆಲ್ ಕಟ್ಟಿದರೆ ಮನಸ್ಸು ಹಿಂಸೆಯ ಕಡೆ ಹೋಗುತ್ತದಾ ಅನ್ನುವ ಪ್ರಶ್ನೆ. ನನಗೆ ಹಾಗನ್ನಿಸುವುದಿಲ್ಲ. ಒಂದು ಚಕ್ರ ಉಜ್ಜಲು ಇಡೀ ಸಂಜೆ ಕೂರುವವರು ತಾಳ್ಮೆ ಕಲಿಯುತ್ತಾರೆ. ಬ್ರಿಟನ್ನಿನಲ್ಲಿ 'ಮಾಡೆಲ್ಸ್ ಫಾರ್ ಹೀರೋಸ್' ಅನ್ನುವ ಸಂಸ್ಥೆ ಮಾಜಿ ಸೈನಿಕರಿಗೆ ಕಿಟ್ ಕೊಟ್ಟು ಕಟ್ಟಿಸುತ್ತದೆ, ಮನಸ್ಸಿನ ಗಾಯ ಮಾಯಲಿ ಅಂತ. ಯುದ್ಧ ನೋಡಿಬಂದವರ ನಡುಗುವ ಕೈಗೆ ಈ ಕೆಲಸ ಸಮಾಧಾನ ಕೊಡುವುದಾದರೆ ಅದಕ್ಕಿಂತ ಇನ್ನೇನು ಬೇಕು? ಹಿಂಸೆ ಕಲಿಸುತ್ತದೆ ಅನ್ನುವುದು ನನ್ನ ದೂರು ಅಲ್ಲ. ಮರೆಯಲು ಕಲಿಸುತ್ತದೆ ಅನ್ನುವುದೇ ನನ್ನ ಚಿಂತೆ.

ಹಳೆಯ ಯುದ್ಧಕ್ಕೂ ಈಗ ನಡೆಯುತ್ತಿರುವ ಯುದ್ಧಕ್ಕೂ ವ್ಯತ್ಯಾಸ ಇದೆಯೇ? ಇದೆ ಅಂತ ನನ್ನ ನಂಬಿಕೆ. ರಷ್ಯಾದ ಜ್ವೆಜ್ದಾ ಕಂಪನಿ 'ಸಭ್ಯ ಜನ' ಅನ್ನುವ ಹೆಸರಿನಲ್ಲಿ ಸೈನಿಕರ ಬೊಂಬೆಗಳ ಕಿಟ್ ತಂದಿತು. 2014ರಲ್ಲಿ ಗುರುತುಚಿಹ್ನೆ ಇಲ್ಲದ ಸಮವಸ್ತ್ರ ಹಾಕಿ ಉಕ್ರೇನಿನ ಕ್ರೈಮಿಯಾ ವಶಪಡಿಸಿಕೊಂಡ ಸೈನಿಕರಿಗೆ ರಷ್ಯಾದಲ್ಲಿ ಬಿದ್ದ ಹೆಸರು ಅದು. ಒಂದು ದೇಶದ ನೆಲ ಕಿತ್ತುಕೊಂಡವರಿಗೆ ಕಿತ್ತುಕೊಂಡ ದೇಶವೇ ಕೊಟ್ಟ ಮುದ್ದಿನ ಹೆಸರು ಡಬ್ಬಿಯ ಮೇಲೆ ಬಂತು. ಇದು ಪ್ರಚಾರ. ಪ್ಲಾಸ್ಟಿಕ್ ಎಷ್ಟು ಚೆನ್ನಾಗಿದ್ದರೂ ನಾನು ಕೊಳ್ಳುವುದಿಲ್ಲ.

ಕೀವ್ ನಗರದ ಐಸಿಎಂ ಕಂಪನಿ 'ಕೀವ್‌ನ ಭೂತ' ಅನ್ನುವ ಹೆಸರಿನಲ್ಲಿ ಮಿಗ್-29 ಕಿಟ್ ತಂದಿತು. 2022ರ ಫೆಬ್ರವರಿ 24ರಂದು ರಷ್ಯಾ ದಾಳಿ ಮಾಡಿದಾಗ, ಒಬ್ಬನೇ ಪೈಲಟ್ ಒಂದೇ ದಿನ ಆರು ವಿಮಾನ ಹೊಡೆದುರುಳಿಸಿದ ಅನ್ನುವ ಸುದ್ದಿ ಹಬ್ಬಿತ್ತು. ಅಂಥ ಒಬ್ಬ ಪೈಲಟ್ ಇಲ್ಲ, ಆ ಆಗಸ ಕಾದ ಎಲ್ಲರ ಒಟ್ಟು ರೂಪ ಅದು ಅಂತ ಏಪ್ರಿಲ್ ಕೊನೆಗೆ ಉಕ್ರೇನಿನ ವಾಯುಪಡೆಯೇ ಹೇಳಿತು. ಇದೂ ಒಂದು ಬಗೆಯ ಪ್ರಚಾರವೇ. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ನನಗೆ ಆಗುವುದಿಲ್ಲ. ತಮ್ಮ ಊರಿನ ಮೇಲೆ ಕ್ಷಿಪಣಿ ಬೀಳುತ್ತಿರುವಾಗ ಕಿಟ್ ಮಾಡುತ್ತಿರುವವರು ಅವರು. ಗುಂಡು ಬೀಳುವ ತುದಿಯಲ್ಲಿ ಕೂತವರು. ಆದರೂ ಆ ಕಿಟ್ ಕಟ್ಟುವವರು ಅದು ದಂತಕಥೆ ಅಂತ ತಿಳಿದು ಕಟ್ಟಬೇಕು, ಹಾಗೆ ಹೇಳಿಯೇ ತೋರಿಸಬೇಕು.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಇವತ್ತಿನ ಯುದ್ಧವಿಮಾನಗಳ ಎಷ್ಟೋ ಡಬ್ಬಿಗಳ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಲೈಸೆನ್ಸಿನ ಸಾಲು ಇರುತ್ತದೆ, ಬೋಯಿಂಗ್ ಅಂತಲೋ ಲಾಕ್‌ಹೀಡ್ ಮಾರ್ಟಿನ್ ಅಂತಲೋ. ಅಂಥ ಕಡೆ ನಾವು ಕೊಡುವ ಹಣದ ಒಂದು ಚೂರು ಆಯುಧ ಮಾಡುವ ಕಂಪನಿಗೂ ಹೋಗಬಹುದು. ಅವರ ವ್ಯವಹಾರದ ಮುಂದೆ ಅದು ಏನೂ ಅಲ್ಲ. ಆದರೆ ಅವರ ಯಂತ್ರವನ್ನು ನಾವು ಮನೆಯಲ್ಲಿ ಪ್ರೀತಿಯಿಂದ ಇಟ್ಟುಕೊಳ್ಳುವುದರಿಂದ ಅವರಿಗೆ ಸಿಗುವ ಒಳ್ಳೆಯ ಹೆಸರು ಇದೆಯಲ್ಲ, ಅದು ದುಡ್ಡಿಗಿಂತ ದೊಡ್ಡದು. ಕೊಳ್ಳುವ ಮೊದಲು ಆ ಸಣ್ಣ ಅಕ್ಷರ ಓದಿ.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ರಕ್ತ ಬಳಿದ ಡಯೊರಾಮಾ ಮಾಡಿ ಅಂತ ನಾನು ಹೇಳುವುದಿಲ್ಲ. ಕೈಕಾಲು ಕಡಿದ ಬೊಂಬೆಗಳನ್ನು ನೋಡಿದ್ದೇನೆ. ಅದರಲ್ಲಿ ಸತ್ತವರ ಬಗ್ಗೆ ಮರುಕಕ್ಕಿಂತ ಮಾಡಿದವರ ಕೈಚಳಕವೇ ಜಾಸ್ತಿ ಕಾಣುತ್ತದೆ. ನೋಡುವವರು "ಎಷ್ಟು ನೈಜ" ಅಂತ ಹೊಗಳಿ ಮುಂದೆ ಹೋಗುತ್ತಾರೆ.

ನನಗೆ ಹೆಚ್ಚು ಇಷ್ಟವಾಗುವುದು ಯಾವ ಕ್ಷಣವನ್ನು ಕಟ್ಟಬೇಕು ಅನ್ನುವ ಆಯ್ಕೆ. 1968ರ ಮಾರ್ಚ್ 16ರಂದು ವಿಯೆಟ್ನಾಮಿನ ಮೈ ಲಾಯ್ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ನೂರಾರು ಜನರನ್ನು ಕೊಲ್ಲುತ್ತಿದ್ದರು. ಮೇಲೆ ಹಾರುತ್ತಿದ್ದ ಹ್ಯೂ ಥಾಂಪ್ಸನ್ ಅನ್ನುವ ಪೈಲಟ್ ತನ್ನ ಪುಟ್ಟ ಓಎಚ್-23 ಹೆಲಿಕಾಪ್ಟರನ್ನು ಓಡಿಹೋಗುತ್ತಿದ್ದ ಹಳ್ಳಿಗರ ಮತ್ತು ತನ್ನದೇ ದೇಶದ ಸೈನಿಕರ ನಡುವೆ ಇಳಿಸಿದ. ನಮ್ಮ ಸೈನಿಕರು ಈ ಹಳ್ಳಿಗರ ಮೇಲೆ ಗುಂಡು ಹಾರಿಸಿದರೆ ಆ ಸೈನಿಕರ ಮೇಲೇ ಗುಂಡು ಹಾರಿಸಿ ಅಂತ ತನ್ನ ಜೊತೆಗಿದ್ದ ಆಂಡ್ರಿಯೊಟ್ಟಾ ಮತ್ತು ಕೋಲ್ಬರ್ನ್‌ಗೆ ಹೇಳಿದ. ಹಳ್ಳಿಗರನ್ನು ಸಾಗಿಸಲು ಬೇರೆ ಹೆಲಿಕಾಪ್ಟರ್ ಕರೆಸಿದ. ಮೂವರಿಗೂ ಸರ್ಕಾರದ ಸೋಲ್ಜರ್ಸ್ ಮೆಡಲ್ ಸಿಕ್ಕಿದ್ದು 30 ವರ್ಷ ಕಳೆದು, 1998ರಲ್ಲಿ. ಆಂಡ್ರಿಯೊಟ್ಟಾ ಆ ಯುದ್ಧದಲ್ಲೇ ಸತ್ತಿದ್ದ.

ಈ ದೃಶ್ಯದಲ್ಲಿ ಮಾಡೆಲರ್‌ಗೆ ಬೇಕಾದದ್ದೆಲ್ಲ ಇದೆ. ಗಾಜಿನ ಗುಳ್ಳೆಯ ಮೂತಿಯ ಹೆಲಿಕಾಪ್ಟರ್, ರೋಟರಿನ ಗಾಳಿಗೆ ಬಾಗಿದ ಹುಲ್ಲು, ಮಣ್ಣಿನ ಬಂಕರ್. ಜೊತೆಗೆ ಎರಡು ತುದಿಗಳೂ ಒಂದೇ ಬೇಸಿನ ಮೇಲೆ ಹಿಡಿಸುತ್ತವೆ. ಅಳತೆಯ ಲೆಕ್ಕ ಇಲ್ಲಿ ನಮ್ಮ ಪರವಾಗಿದೆ. ಇಂಥ ಕ್ಷಣಗಳು ಹುಡುಕಿದರೆ ಸಿಗುತ್ತವೆ. ಈಗ ಊರ ಜನರ, ಹೆಂಗಸರು ಮಕ್ಕಳ ಬೊಂಬೆಗಳನ್ನೂ ಕಂಪನಿಗಳು ಮಾಡುತ್ತಿವೆ. ಟ್ಯಾಂಕಿನ ಪಕ್ಕ ಗಂಟುಮೂಟೆ ಹೊತ್ತು ನಡೆಯುವ ಒಂದು ಸಂಸಾರ ಇದ್ದರೆ ಸಾಕು, ನೋಡುವವರ ಕಣ್ಣು ತೋಪಿನ ಮೇಲೆ ಮಾತ್ರ ನಿಲ್ಲುವುದಿಲ್ಲ.

ಬರೀ ಟ್ಯಾಂಕೊಂದನ್ನೇ ಕಟ್ಟುವವರಿಗೆ ಇನ್ನೂ ಸುಲಭದ ಕೆಲಸ ಇದೆ. ಮಾಡೆಲಿನ ಮುಂದೆ ಹೆಸರಿನ ಕಾರ್ಡ್ ಇಡುತ್ತೇವಲ್ಲ, ಅದರಲ್ಲಿ ಎರಡು ಸಾಲು ಜಾಸ್ತಿ ಬರೆಯಿರಿ. ಯಾವ ತುಕಡಿ, ಏನು ಮಾಡಿತು, ಯಾರ ಮೇಲೆ. ಬಣ್ಣದ ಹೆಸರು ಬರೆಯುವಷ್ಟೇ ಜಾಗ ಸಾಕು. ಬರೆಯಬೇಕಾದರೆ ಹುಡುಕಬೇಕಾಗುತ್ತದೆ, ಓದಬೇಕಾಗುತ್ತದೆ. ಆ ಓದಿನಿಂದ ಕೆಲವರು ಆ ಗುರುತಿನ ಬದಲು ಬೇರೆ ಗುರುತು ಆರಿಸಿಕೊಳ್ಳಬಹುದು. ಕೆಲವರು ಅದನ್ನೇ ಕಟ್ಟಬಹುದು. ಎರಡೂ ನನಗೆ ಒಪ್ಪಿಗೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳು.

ಒಬ್ಬ ತಾಯಿ ಕೇಳಿದರು: "ಮಗ ಟ್ಯಾಂಕಿನ ಕಿಟ್ ಬೇಕು ಅಂತ ಹಟ ಮಾಡ್ತಾನೆ. ಕೊಡಿಸಲಾ ಬೇಡವಾ?"

ಕೊಡಿಸಿ ಅಮ್ಮಾ. ಜೊತೆಗೆ ಕೂತು ಕಟ್ಟಿ. ಕಟ್ಟುವಾಗ ಅವನೇ ಕೇಳುತ್ತಾನೆ, ಇದು ಯಾರದು, ಯಾರ ಜೊತೆ ಜಗಳ ಆಡಿತು, ಆಮೇಲೆ ಏನಾಯ್ತು ಅಂತ. ಆ ಪ್ರಶ್ನೆಗೆ ನಿಜವಾದ ಉತ್ತರ ಕೊಡಿ, ಅವನ ವಯಸ್ಸಿಗೆ ಎಷ್ಟು ಬೇಕೋ ಅಷ್ಟು. "ಢಂ ಅಂತ ಹೊಡೀತು" ಅನ್ನುವಲ್ಲಿಗೆ ಕಥೆ ನಿಲ್ಲಿಸಬೇಡಿ.

ಸೇನೆಯಲ್ಲಿದ್ದು ನಿವೃತ್ತರಾದ ಹಿರಿಯರೊಬ್ಬರು ಎದ್ದು ನಿಂತರು: "ನೀವು ಹೇಳೋದು ಕೇಳಿದರೆ ನಾವೆಲ್ಲ ಕೊಲೆಗಾರರು ಅನ್ನೋ ಹಾಗಿದೆ."

ಇಲ್ಲ ಸರ್, ಹಾಗೆ ಕೇಳಿಸಿದ್ದರೆ ನಾನು ಸರಿಯಾಗಿ ಹೇಳಿಲ್ಲ ಅಂತಲೇ ಅರ್ಥ. ಆಯುಧದ ಇನ್ನೊಂದು ತುದಿ ಹೇಗಿರುತ್ತದೆ ಅಂತ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ನಿಮಗೆ. ನೀವು ಅದನ್ನು ಮರೆತಿರಲಾರಿರಿ. ನಾನು ಮಾತಾಡುತ್ತಿರುವುದು ಅದನ್ನು ಯಾವತ್ತೂ ನೋಡದ ನಮ್ಮಂಥವರ ಬಗ್ಗೆ. ನೀವು ಒಂದು ಮಾಡೆಲಿನ ಮುಂದೆ ಕೂತು ನಿಮ್ಮ ನೆನಪು ಹೇಳಿದರೆ ನನ್ನ ಈ ಇಡೀ ಉಪನ್ಯಾಸಕ್ಕಿಂತ ಅದು ದೊಡ್ಡದು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ: "ನೇರವಾಗಿ ಹೇಳಿ ಸರ್. ದಾಸ್ ರೈಖ್ ಟ್ಯಾಂಕು ನೀವು ಕಟ್ತೀರಾ?"

ಬೊಂಬೆಗಳನ್ನು ಕಟ್ಟುವುದಿಲ್ಲ. ಎಸ್‌ಎಸ್ ಸೈನಿಕನ ಮುಖಕ್ಕೆ ಮೂರು ಛಾಯೆಯ ಬಣ್ಣ ಹಚ್ಚಿ, ಕಣ್ಣಿಗೆ ಹೊಳಪು ಕೊಟ್ಟು, ವೀರನಂತೆ ನಿಲ್ಲಿಸಲು ನನ್ನ ಕೈ ಬರುವುದಿಲ್ಲ. ಟ್ಯಾಂಕನ್ನು ಕಟ್ಟಬಹುದು. ಕಟ್ಟಿದರೆ ಕಾರ್ಡಿನಲ್ಲಿ ಮೊದಲು ಒರಾಡೂರ್ ಅಂತ ಬರೆಯುತ್ತೇನೆ, ತಾರೀಕು ಬರೆಯುತ್ತೇನೆ, ಆಮೇಲೆ ಬಣ್ಣದ ವಿವರ. ಸ್ಪರ್ಧೆಯವರು ಆ ಮೊದಲ ಸಾಲು ತೆಗೆಯಿರಿ ಅಂದರೆ ಟ್ಯಾಂಕನ್ನು ವಾಪಸ್ ತರುತ್ತೇನೆ.